ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ!

ನಮ್ಮ ಮನೆಯ ಕಾರಿಗೂ ನನಗೂ ಒಂದೇ ವಯಸ್ಸು. ನಾನು ಹುಟ್ಟಿದ್ದು 2005ರಲ್ಲಿ, ಆ ಮಾರುತಿ 800 ಶೋರೂಮಿನಿಂದ ಹೊರಗೆ ಬಂದದ್ದೂ 2005ರಲ್ಲಿ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ತಂದರು. ಮೂರು ಸಿಲಿಂಡರ್, 796 ಸಿಸಿ ಇಂಜಿನ್. ಗುಬ್ಬಿಯಿಂದ ಒಳಗಿರುವ ನಮ್ಮ ಹಳ್ಳಿಗೆ ಅದೇ ಮದುವೆ ಗಾಡಿ, ಅದೇ ಆಸ್ಪತ್ರೆ ಗಾಡಿ, ಕಷ್ಟಕಾಲದಲ್ಲಿ ತರಕಾರಿ ಗಾಡಿಯೂ ಅದೇ.

ಈ ಸಲ ಆಯುಧಪೂಜೆಗೆ ಅದಕ್ಕೆ ಹೂವು ಹಾಕುತ್ತೇವೋ ಇಲ್ಲ ಗುಜರಿಗೆ ಹಾಕುತ್ತೇವೋ ಎನ್ನುವ ಪರಿಸ್ಥಿತಿ ಬಂದಿತ್ತು. ಅದಕ್ಕೆ ಅರ್ಧ ಕಾರಣ ಒಂದು ಇಲಿ. ಇನ್ನರ್ಧ ಕಾರಣ ತುಮಕೂರಿನಲ್ಲಿ ಮೆಕ್ಯಾನಿಕಲ್ ಬಿ.ಇ. ಓದುತ್ತಿರುವ, ಐದನೇ ಸೆಮಿಸ್ಟರಿನ ನಾನು.

ನಡೆದದ್ದು ಇಷ್ಟು. ಅಜ್ಜಿಗೆ ಮಂಡಿ ಆಪರೇಷನ್ ಆಗಿತ್ತು. ಪ್ರತಿ ಶುಕ್ರವಾರ ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಾಲಿನ ವ್ಯಾಯಾಮ ಮಾಡಿಸಬೇಕು. ಬಸ್ಸಿನ ಮೆಟ್ಟಿಲು ಹತ್ತುವುದು ಅವರಿಂದ ಆಗದ ಮಾತು. ಬಾಡಿಗೆ ಕಾರಿಗೆ ಹೋಗಿಬರಲು ಒಂದು ಸಲಕ್ಕೆ 1,600 ರೂಪಾಯಿ. ಆಪರೇಷನ್ ಆದಮೇಲೆ ಎರಡು ವಾರ ಕಾರು ಮನೆ ಪಕ್ಕದ ಕೊಟ್ಟಿಗೆಯಲ್ಲೇ ನಿಂತಿತ್ತು. ಅದರ ಮೇಲಿನ ಅಟ್ಟದಲ್ಲಿ ಕೊಬ್ಬರಿಗೆಂದು ಇಟ್ಟ ತೆಂಗಿನಕಾಯಿ ರಾಶಿ. ಮೊದಲ ಶುಕ್ರವಾರ ಬೆಳಿಗ್ಗೆ ಅಜ್ಜಿಯನ್ನು ಸೀಟಿನಲ್ಲಿ ಕೂರಿಸಿ ಅಪ್ಪ ಕೀ ತಿರುಗಿಸಿದರು. ಸೆಲ್ಫ್ ಚೆನ್ನಾಗಿಯೇ ಹೊಡೆಯಿತು. ಕುರ್ರ್, ಕುರ್ರ್, ಕುರ್ರ್. ಆದರೆ ಇಂಜಿನ್ ಹಿಡಿದುಕೊಳ್ಳಲೇ ಇಲ್ಲ. ಹತ್ತು ಸಲ ಹೊಡೆದರೂ ಅಷ್ಟೇ.

ನಾನು ರಜೆಗೆ ಮನೆಯಲ್ಲಿದ್ದೆ. ಪಕ್ಕದ ಮನೆಯ ದೊಡ್ಡಪ್ಪ ಬೇಲಿಯಾಚೆಯಿಂದಲೇ ಕೂಗಿದರು: ‘ಏನವ್ವ, ನಮ್ಮ ತಾಲ್ಲೂಕಲ್ಲಿ ಹೆಲಿಕಾಪ್ಟರೇ ಮಾಡ್ತಾವ್ರೆ. ಇಂಜಿನಿಯರಿಂಗ್ ಓದೋಳು ನೀನು ಒಂದು ಕಾರು ಸ್ಟಾರ್ಟ್ ಮಾಡಕ್ಕಾಗಲ್ವಾ?’

ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ದಿನದಿಂದ ನಮ್ಮ ಕಡೆ ಎಂಜಿನಿಯರಿಂಗ್ ಓದುವ ಎಲ್ಲರಿಗೂ ಈ ಮಾತು ತಪ್ಪಿದ್ದಲ್ಲ. ನನಗೆ ರೋಷ ಬಂತು. ಫೋನಿನಲ್ಲಿ ಎರಡು ವಿಡಿಯೊ ನೋಡಿದೆ. ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ ಇರಲಿಲ್ಲ. ಸೆಲ್ಫ್ ಹೊಡೆಯುವಾಗ ಪಂಪಿನ ಸದ್ದೂ ಕೇಳಲಿಲ್ಲ. ‘ಪೆಟ್ರೋಲ್ ಹೋಗ್ತಿಲ್ಲ ಅಪ್ಪ. ಫ್ಯುಯೆಲ್ ಪಂಪ್ ಹೋಗಿದೆ’ ಅಂತ ತೀರ್ಪು ಕೊಟ್ಟೆ. ಗುಬ್ಬಿಯಿಂದ ಬಂದ ಮೆಕ್ಯಾನಿಕ್ ಕೂಡ ‘ಓದಿರೋರು ಹೇಳಿದ ಮೇಲೆ ಇನ್ನೇನು’ ಎಂದು ಶನಿವಾರ ಪಂಪ್ ಬದಲಾಯಿಸಿದರು. ಪಂಪು, ಕೂಲಿ ಸೇರಿ 2,800 ರೂಪಾಯಿ.

ಹೊಸ ಪಂಪ್ ಹಾಕಿದ ಮೇಲೆ ಕೀ ತಿರುಗಿಸಿದರೆ ಮತ್ತದೇ ಕುರ್ರ್, ಕುರ್ರ್.

ಮೆಕ್ಯಾನಿಕ್ ತಲೆ ಕೆರೆದುಕೊಂಡು, ‘ಹಂಗಾದ್ರೆ ಕಂಪ್ಯೂಟರ್ ಡಬ್ಬನೇ ಹೋಗಿರ್ಬೇಕು. ಹಳೇ ಗಾಡಿ, ಸುಮ್ನೆ ಖರ್ಚು’ ಎಂದು ಹೊರಟುಹೋದರು. ಅಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಭಾನುವಾರ ಸಂಜೆ ಗುಜರಿಯವನು ಬಂದು ಸುತ್ತ ನೋಡಿ 22,000 ರೂಪಾಯಿ ಅಂದ. ಬುಧವಾರ ಬಂದು ಎಳೆದುಕೊಂಡು ಹೋಗುತ್ತೇನೆ ಅಂತಲೂ ಅಂದ. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸಬೇಕು. ಆ ಖರ್ಚನ್ನೂ ಲೆಕ್ಕ ಹಾಕಿ ಅಪ್ಪ ‘ಆಗಲಿ’ ಎಂದು ತಲೆಯಾಡಿಸಿದರು. ಒಳಗಿನಿಂದ ಅಜ್ಜಿ, ‘ನಂದೇನು ಬಿಡಪ್ಪ, ಮನೇಲೇ ಕಾಲು ಆಡಿಸ್ಕಂಡಿರ್ತೀನಿ’ ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕುಣಿಗಲ್‌ನ ಪಾಠ

ಸೋಮವಾರ ತುಮಕೂರಿಗೆ ಬಂದು, ಮಧ್ಯಾಹ್ನದ ಕ್ಲಾಸು ಬಿಟ್ಟು ಹೆಬ್ಬೂರು ಮೇಲೆ ಹೋಗುವ ಕುಣಿಗಲ್ ಬಸ್ ಹತ್ತಿದೆ. ಕುಣಿಗಲ್ ಹೆದ್ದಾರಿ ಊರು. ಬೆಂಗಳೂರು–ಮಂಗಳೂರು ರಸ್ತೆಯಲ್ಲಿ ಕೆಟ್ಟು ನಿಲ್ಲುವ ಗಾಡಿಗಳನ್ನು ನೋಡಿಕೊಂಡೇ ಅಮ್ಮನ ಅಣ್ಣ, ನನ್ನ ಮಾವ, ಅಲ್ಲಿ 25 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದಾರೆ. ಓದಿದ್ದು ಏಳನೇ ಕ್ಲಾಸು.

ನಾನು ಎಲ್ಲ ಹೇಳಿ ಮುಗಿಸಿದೆ. ಮಾವ ಕೈ ಒರೆಸಿಕೊಂಡು ಕೇಳಿದರು: ‘ಕೀ ಆನ್ ಮಾಡಿದಾಗ, ಸೆಲ್ಫ್ ಹೊಡೆಯೋಕೆ ಮುಂಚೆ, ಹಿಂದಿನ ಸೀಟಿನ ಕೆಳಗೆ ಗುಂಯ್ ಅನ್ನೋ ಸದ್ದು ಬಂತಾ?’

‘ಗೊತ್ತಿಲ್ಲ ಮಾವ.’

‘ಪ್ಲಗ್ ಬಿಚ್ಚಿ ಕರೆಂಟ್ ನೋಡಿದ್ಯಾ?’

‘ಇಲ್ಲ.’

‘ಪ್ಲಗ್ ಒದ್ದೆ ಇತ್ತೋ ಒಣಗಿತ್ತೋ?’

‘ಬಿಚ್ಚೇ ಇಲ್ಲ.’

‘ಮೀಟರಲ್ಲಿ ಇಂಜಿನ್ ಲೈಟ್ ಬರ್ತಿತ್ತಾ?’

ನಾನು ಸುಮ್ಮನಿದ್ದೆ. ಮಾವ ನಕ್ಕರು. ‘ಮತ್ತೆ ಪಂಪ್ ಹೋಗಿದೆ ಅಂತ ಯಾವ ಧೈರ್ಯದ ಮೇಲೆ ಹೇಳಿದೆ ಪುಟ್ಟಿ? ನಮ್ಮೂರಲ್ಲಿ ಹೈದರಾಲಿ, ಟಿಪ್ಪು ಕಾಲದಿಂದ ಕುದುರೆ ಸಾಕ್ತಾರೆ. ಕುದುರೆಗೆ ಬಾಯಿ ಇಲ್ಲ. ಕಾಲು ಕುಂಟುತ್ತೆ ಅಂದ್ರೆ ಗೊರಸು ಎತ್ತಿ ನೋಡ್ತಾರೆ, ಮುಟ್ಟಿ ನೋಡ್ತಾರೆ. ಆಮೇಲೆ ಔಷಧಿ. ನೀನು ಮುಟ್ಟದೇನೇ ಔಷಧಿ ಕೊಟ್ಟಿದ್ದೀಯ.’

ನಾಲ್ಕನೇ ಸೆಮಿಸ್ಟರಿನವರೆಗೂ ಆಟೊ ಸೈಕಲ್ ಲೆಕ್ಕ ಬಿಡಿಸಿದವಳು ನಾನು. ಜರ್ಮನಿಯ ನಿಕೋಲಸ್ ಆಟೊ 1876ರಲ್ಲಿ ನಾಲ್ಕು ಸ್ಟ್ರೋಕಿನ ಇಂಜಿನ್ ಓಡಿಸಿ ತೋರಿಸಿದ್ದು ಗೊತ್ತು, ಕಂಪ್ರೆಷನ್ ರೇಷಿಯೊ ಕೊಟ್ಟರೆ ದಕ್ಷತೆ ಎಷ್ಟು ಎಂದು ಹೇಳುವುದೂ ಗೊತ್ತು. ಆದರೆ ಅದೇ ಸೈಕಲ್ ನಮ್ಮ ಕೊಟ್ಟಿಗೆಯಲ್ಲಿ ನಿಂತುಹೋದಾಗ ಯಾವ ಸ್ಟ್ರೋಕಿನಲ್ಲಿ ನಿಂತಿದೆ ಎಂದು ಕೇಳಬೇಕು ಅನ್ನಿಸಲೇ ಇಲ್ಲ.

ಗ್ಯಾರೇಜಿಗೆ ಬಂದಿದ್ದ ಬೇರೆ ಕಾರಿನ ಮುಂದೆ ನಿಲ್ಲಿಸಿಕೊಂಡು ಮಾವ ಒಂದು ಗಂಟೆ ಹೇಳಿಕೊಟ್ಟರು. ನಾನು ನೋಟ್ಸ್ ಬರೆದುಕೊಂಡೆ. ಅವರ ಪ್ರಕಾರ ಮೊದಲು ಕಿವಿ, ಆಮೇಲೆ ಮೂಗು, ಆಮೇಲೆ ಕಣ್ಣು, ಕೊನೆಗೆ ಕೈ. ಜೇಬಿಗೆ ಕೈ ಹೋಗಬೇಕಾದ್ದು ಎಲ್ಲದರ ಕೊನೆಗೆ.

ಸೆಲ್ಫ್ ಹೊಡೆಯುತ್ತಿದೆ ಅಂದರೆ ಬ್ಯಾಟರಿ, ಸೆಲ್ಫ್ ಮೋಟಾರು, ಅದರ ದಪ್ಪ ವೈರು ಬಹುಮಟ್ಟಿಗೆ ಸರಿಯಿವೆ ಎಂದರ್ಥ. ಹಿಂದೆ ಈ ಕೆಲಸವನ್ನು ಮನುಷ್ಯರೇ ಮುಂದುಗಡೆ ಹ್ಯಾಂಡಲ್ ತಿರುಗಿಸಿ ಮಾಡುತ್ತಿದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಕೈನೋವು ತಪ್ಪಿತು. ಆದರೆ ಸೆಲ್ಫ್ ಮಾಡುವುದು ಇಂಜಿನ್ನನ್ನು ತಿರುಗಿಸುವ ಕೆಲಸ ಮಾತ್ರ. ಇಂಜಿನ್ ತಾನಾಗಿ ಓಡಬೇಕಾದರೆ ಗಾಳಿಯೊಂದಿಗೆ ಪೆಟ್ರೋಲ್ ಬರಬೇಕು, ಅದು ಸಿಲಿಂಡರಿನಲ್ಲಿ ಒತ್ತಿಕೊಳ್ಳಬೇಕು, ಸರಿಯಾದ ಹೊತ್ತಿಗೆ ಕಿಡಿ ಬೀಳಬೇಕು. ಈ ಪೈಕಿ ಯಾವುದು ಇಲ್ಲ ಎಂದು ಹುಡುಕುವುದೇ ಇಡೀ ವಿದ್ಯೆ.

‘ಇದಿಷ್ಟಕ್ಕೂ ಉತ್ತರ ಬರ್ಕೊಂಡು ಫೋನ್ ಮಾಡು. ಗುಜರಿಯವನು ಬರೋದು ಬುಧವಾರ ತಾನೆ? ನಾಳೆ ರಾತ್ರಿ ಇದೆಯಲ್ಲ’ ಎಂದರು ಮಾವ.

ಮಂಗಳವಾರ ರಾತ್ರಿ

ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ 250 ರೂಪಾಯಿಗೆ ಒಂದು ಮಲ್ಟಿಮೀಟರ್ ಕೊಂಡೆ. ಎಲೆಕ್ಟ್ರಾನಿಕ್ಸ್ ಓದುವ ರೂಮ್‌ಮೇಟ್ ಹತ್ತಿರ ಸೋಲ್ಡರಿಂಗ್ ಕಡ್ಡಿ ಎರವಲು ತೆಗೆದುಕೊಂಡೆ. ಸಂಜೆ ಊರು ತಲುಪಿ, ‘ಅಪ್ಪ, ಒಂದೇ ಒಂದು ಗಂಟೆ’ ಎಂದೆ. ಅಪ್ಪ ಮಾತಾಡದೆ ಟಾರ್ಚ್ ತಂದು ಡ್ರೈವರ್ ಸೀಟಿನಲ್ಲಿ ಕೂತರು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದದ್ದು, ಕೊಟ್ಟಿಗೆಯ ಬಾಗಿಲು ಪೂರ್ತಿ ತೆರೆದದ್ದು.

ಮೊದಲು ಕಿವಿ. ಕೀ ಆನ್ ಮಾತ್ರ, ಸೆಲ್ಫ್ ಬೇಡ. ಹಿಂದಿನ ಸೀಟಿಗೆ ಕಿವಿಕೊಟ್ಟೆ. ಗುಂಯ್ ಎಂದು ಎರಡು ಸೆಕೆಂಡ್ ಸದ್ದು ಬಂದು ನಿಂತಿತು. ಪಂಪ್ ಓಡುತ್ತಿದೆ. ಅದು ಹೊಸ ಪಂಪ್, ಓಡಲೇಬೇಕು. ಆದರೆ ಹಳೆಯದೂ ಹೀಗೇ ಓಡುತ್ತಿತ್ತೋ ಏನೋ ಎಂದು ಆಗ ಎದೆ ಧಸಕ್ಕೆಂದಿತು. ಅವತ್ತು ನಾವು ಕೀ ಹಾಕಿದ ತಕ್ಷಣ ಸೆಲ್ಫ್ ಹೊಡೆದಿದ್ದೆವು. ಈ ಎರಡು ಸೆಕೆಂಡನ್ನು ಯಾರೂ ಕೇಳಿಸಿಕೊಂಡಿರಲಿಲ್ಲ.

ಆಮೇಲೆ ಸೆಲ್ಫ್ ಸದ್ದು. ಒಂದೇ ಲಯದಲ್ಲಿ ಬಿಗಿಯಾಗಿ, ಮೂರು ಸಿಲಿಂಡರೂ ಒತ್ತುವುದು ಗೊತ್ತಾಗುವ ಹಾಗೆ ಕುರ್ರ್, ಕುರ್ರ್ ಎನ್ನುತ್ತಿತ್ತು. ಟೈಮಿಂಗ್ ಬೆಲ್ಟ್ ಹರಿದಿದ್ದರೆ ಇಂಜಿನ್ ಹಗುರಾಗಿ, ತಡೆಯೇ ಇಲ್ಲದಂತೆ ಸರ್ರನೆ ತಿರುಗುತ್ತದೆ ಎಂದು ಮಾವ ಹೇಳಿದ್ದರು. ಹಾಗಿರಲಿಲ್ಲ. ಮಲ್ಟಿಮೀಟರಿನಲ್ಲಿ ಬ್ಯಾಟರಿ 12.4 ವೋಲ್ಟ್ ತೋರಿಸಿತು. ಸೆಲ್ಫ್ ಹೊಡೆಯುವಾಗ 10.3ಕ್ಕೆ ಇಳಿಯಿತು. ಪರವಾಗಿಲ್ಲ. ಅದು 9.6ಕ್ಕಿಂತ ಕೆಳಗಿಳಿದರೆ ಸೆಲ್ಫ್ ತಿರುಗಿದರೂ ಕಿಡಿಗೆ ಶಕ್ತಿ ಸಾಲದೆ ಹೋಗಬಹುದು.

ಮೂಗು. ಸೈಲೆನ್ಸರಿನಲ್ಲಿ ಪೆಟ್ರೋಲ್ ವಾಸನೆಯೇ ಇಲ್ಲ.

ಕಣ್ಣು. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಇಂಜಿನ್ ಲೈಟ್ ಹತ್ತಿತು. ಅಂದರೆ ಕಂಪ್ಯೂಟರಿಗೆ ಕರೆಂಟ್ ಬರುತ್ತಿದೆ. ಪ್ಲಗ್ ಬಿಚ್ಚಿದರೆ ಮೂರೂ ಒಣಗಿದ್ದವು. ಇನ್ನು ಕಿಡಿಯ ಪರೀಕ್ಷೆ. ಹಿಂದಿನ ಸೀಟಿನ ಕೆಳಗೆ ಪಂಪಿನ ಕನೆಕ್ಟರ್ ಬಿಚ್ಚಿಟ್ಟೆವು. ಒಂದು ಬೇರೆ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಪ್ಲಗ್ ತೂತುಗಳಿಂದ ದೂರದಲ್ಲಿ ಇಂಜಿನ್ನಿನ ಲೋಹಕ್ಕೆ ತಾಗುವಂತೆ ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದೆ. ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್, ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಅಪ್ಪ ಸೆಲ್ಫ್ ಹೊಡೆದರು. ಕತ್ತಲಲ್ಲಿ ಕಣ್ಣು ಮಿಟುಕಿಸದೆ ನೋಡಿದೆ. ಕಿಡಿ ಇಲ್ಲ.

ಮಾವನಿಗೆ ಫೋನ್ ಮಾಡಿ ಎಲ್ಲ ಓದಿ ಹೇಳಿದೆ.

‘ಹೂಂ. ಈಗ ಹೇಳು. ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಎರಡೂ ಒಟ್ಟಿಗೆ ಕೆಡೋದು ಅಪರೂಪ. ಎರಡಕ್ಕೂ ಅಪ್ಪಣೆ ಕೊಡೋನು ಯಾರು?’

‘ಕಂಪ್ಯೂಟರ್.’

‘ಅದಕ್ಕೆ ಕರೆಂಟ್ ಬರ್ತಿದೆ ಅಂತ ನೀನೇ ಹೇಳ್ದೆ. ಮತ್ತೆ ಯಾಕೆ ಅಪ್ಪಣೆ ಕೊಡ್ತಿಲ್ಲ?’

ಉತ್ತರ ನನ್ನ ಬಾಯಿಂದಲೇ ಬಂತು. ಇಂಜಿನ್ ತಿರುಗುತ್ತಿದೆ ಎಂದು ಅದಕ್ಕೆ ತಿಳಿಸಬೇಕಾದ್ದು ಒಂದು ಸೆನ್ಸರ್. ಆ ಸುದ್ದಿ ಬರದಿದ್ದರೆ ಕಂಪ್ಯೂಟರಿನ ಲೆಕ್ಕದಲ್ಲಿ ಇಂಜಿನ್ ನಿಂತೇ ಇದೆ. ನಿಂತ ಇಂಜಿನ್ನಿಗೆ ಅದು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಚಿಮ್ಮಿಸುವುದಿಲ್ಲ. ಮೊದಲ ಎರಡು ಸೆಕೆಂಡ್ ಓಡಿದ ಪಂಪನ್ನೂ ನಿಲ್ಲಿಸಿಬಿಡುತ್ತದೆ. ಅಪಘಾತವಾಗಿ ಇಂಜಿನ್ ನಿಂತಾಗ ಪೆಟ್ರೋಲ್ ಸುರಿಯುತ್ತಲೇ ಇರಬಾರದಲ್ಲ, ಅದಕ್ಕೇ ಈ ಏರ್ಪಾಡು. ನಾನು ಪಂಪ್ ಸತ್ತಿದೆ ಎಂದುಕೊಂಡದ್ದು ಈ ಮೌನವನ್ನು ಕೇಳಿ.

‘ಸರಿ, ಆ ಸೆನ್ಸರ್ ವೈರ್ ಹಿಡ್ಕೊಂಡು ಹೋಗು. ಸೆನ್ಸರ್ ತಗೋಬೇಡ, ಡಬ್ಬ ತಗೋಬೇಡ. ಮೊದಲು ವೈರ್’ ಎಂದರು ಮಾವ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ ಹುಡುಕತೊಡಗಿದೆ. ಏರ್ ಫಿಲ್ಟರ್ ಡಬ್ಬದ ಮುಚ್ಚಳ ತೆಗೆದಾಗ ಅಪ್ಪ ಟಾರ್ಚ್ ಬಿಟ್ಟು ನಕ್ಕೇಬಿಟ್ಟರು. ಒಳಗೆ ಒಂದು ಬೊಗಸೆ ತೆಂಗಿನ ನಾರು. ಅಟ್ಟದಿಂದ ಇಳಿದ ಇಲಿ ಅಲ್ಲಿ ಸಂಸಾರ ಹೂಡಲು ಹೊರಟಿತ್ತು. ಅಲ್ಲಿಂದ ಒಂದು ಗೇಣು ಕೆಳಗೆ, ವೈರುಗಳ ಕಟ್ಟಿನ ಮೇಲೆ ಹಲ್ಲಿನ ಗುರುತು. ಎರಡು ವೈರಿನ ಸಿಪ್ಪೆ ಹೋಗಿತ್ತು. ಒಂದು ಪೂರ್ತಿ ತುಂಡಾಗಿತ್ತು. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಆ ವೈರಿನ ಎರಡು ತುದಿಗೆ ಇಟ್ಟೆ. ಬೀಪ್ ಬರಲಿಲ್ಲ. ಅದು ಸೆನ್ಸರಿನ ವೈರೇ.

ಸುಮ್ಮನೆ ಹೆಣೆದು ಟೇಪ್ ಸುತ್ತಿದರೆ ಮಳೆಗಾಲದಲ್ಲಿ ಮತ್ತೆ ಕೈಕೊಡುತ್ತದೆ ಎಂದು ಮಾವ ಎಚ್ಚರಿಸಿದ್ದರು. ವೈರಿನ ತುದಿ ಸುಲಿದು, ಮೊದಲೇ ಪ್ಲಾಸ್ಟಿಕ್ ಕೊಳವೆ ತೂರಿಸಿಕೊಂಡು, ಸೇರಿಸಿ, ಸೋಲ್ಡರ್ ಹಾಕಿ, ಕೊಳವೆಯನ್ನು ಬಿಸಿ ಮಾಡಿ ಬಿಗಿಸಿದೆ. ಕೈ ನಡುಗುತ್ತಿತ್ತು. ಮೊದಲನೇ ಸಲದ್ದು ಕಿತ್ತುಬಂತು, ಎರಡನೇ ಸಲ ನಿಂತಿತು. ಈಗ ಬೀಪ್ ಬಂತು. ಪ್ಲಗ್ ಹಾಕಿ, ಪಂಪಿನ ಕನೆಕ್ಟರ್ ಸಿಕ್ಕಿಸಿ, ನಾರು ತೆಗೆದು ಫಿಲ್ಟರ್ ಮುಚ್ಚಿ, ಬ್ಯಾಟರಿ ಜೋಡಿಸಿದೆ. ರಾತ್ರಿ ಹತ್ತೂಕಾಲು.

ಅಪ್ಪ ಕೀ ಆನ್ ಮಾಡಿ ಎರಡು ಸೆಕೆಂಡ್ ಕಾದರು. ಗುಂಯ್. ಆಮೇಲೆ ಸೆಲ್ಫ್. ಒಂದು ಸಲ ಕುರ್ರ್ ಅಂದದ್ದೇ, ಇಂಜಿನ್ ಹಿಡಿದುಕೊಂಡಿತು. ಒಳಗಿನಿಂದ ಅಜ್ಜಿ ‘ಯಾರ ಗಾಡಿ ಬಂತಪ್ಪ?’ ಎಂದು ಕೂಗಿದರು. ‘ನಮ್ದೇ ಕಣವ್ವಾ!’ ಎಂದ ಅಪ್ಪನ ದನಿ ಬೇಲಿಯಾಚೆಯ ದೊಡ್ಡಪ್ಪನಿಗೂ ಕೇಳಿಸಿರಬೇಕು.

ನಿಮಗೂ ಬೇಕಾದೀತು

ಮಾರುತಿ 800 ಮೊದಲ ಗ್ರಾಹಕರ ಕೈ ಸೇರಿದ್ದು 1983ರ ಡಿಸೆಂಬರ್ 14ರಂದು. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಆದರೂ ನಮ್ಮ ಹಳ್ಳಿಗಳಲ್ಲಿ ಅದು, ಅದರ ಓರಗೆಯ ಕಾರುಗಳು ಇನ್ನೂ ಓಡುತ್ತಿವೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದರೆ ಈ ನಾಲ್ಕು ಮಾತು ನೆನಪಿರಲಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ಮೋಟಾರು ಕಾಯುತ್ತದೆ. ನಡುವೆ ಸ್ವಲ್ಪ ಬಿಡುವು ಕೊಡಿ. ಪೆಟ್ರೋಲ್ ಮುಳ್ಳನ್ನು ಪೂರ್ತಿ ನಂಬಬೇಡಿ, ಟ್ಯಾಂಕ್ ಖಾಲಿಯಾಗಿಯೇ ನಿಂತ ಕಾರುಗಳೂ ಉಂಟು. ಪ್ಲಗ್ ಒದ್ದೆಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ಬರುತ್ತಿಲ್ಲ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಸ್ವಲ್ಪ ಹೊಸ ಕಾರಾದರೆ ಮೀಟರಿನಲ್ಲಿ ಕೀ ಅಥವಾ ಬೀಗದ ಚಿತ್ರ ಮಿಟುಕುತ್ತಿದೆಯೇ ನೋಡಿ. ಕಳ್ಳತನ ತಡೆಯುವ ವ್ಯವಸ್ಥೆ ನಿಮ್ಮ ಕೀಯನ್ನೇ ಗುರುತಿಸದಿದ್ದರೂ ಸೆಲ್ಫ್ ಹೊಡೆದು ಸ್ಟಾರ್ಟ್ ಆಗದೇ ಇರಬಹುದು. ಪೆಟ್ರೋಲ್ ಎಲ್ಲಾದರೂ ಸೋರುತ್ತಿದ್ದರೆ ಮಾತ್ರ ಯಾವ ಪರೀಕ್ಷೆಯೂ ಬೇಡ, ದೂರ ಸರಿದು ತಿಳಿದವರನ್ನು ಕರೆಯಿರಿ.

ಬುಧವಾರ ಗುಜರಿಯವನು ಬಂದು ವಾಪಸು ಹೋದ. ಶುಕ್ರವಾರ ಅಜ್ಜಿ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ತುಮಕೂರಿಗೆ ಹೋಗಿಬಂದರು. ಅಪ್ಪ ಈಗ ಕಾರನ್ನು ಅಟ್ಟದ ಕೆಳಗೆ ನಿಲ್ಲಿಸುವುದಿಲ್ಲ. ವಾರಕ್ಕೆರಡು ಸಲ ಬಾನೆಟ್ ಎತ್ತಿ ನೋಡುತ್ತಾರೆ.

ಹೋದ ತಿಂಗಳು ಕಾಲೇಜಿನಲ್ಲಿ ಅಣಕು ಸಂದರ್ಶನ ಇತ್ತು. ‘ನೀವೇ ಬಿಡಿಸಿದ ಒಂದು ಸಮಸ್ಯೆ ಹೇಳಿ’ ಎಂದು ಕೇಳಿದರು. ಕಾರಿನ ಕಥೆ ಹೇಳಿದೆ. ಆದರೆ ಶುರು ಮಾಡಿದ್ದು ಇಲಿಯಿಂದಲ್ಲ, 2,800 ರೂಪಾಯಿಯ ಪಂಪಿನಿಂದ. ಕೇಳುತ್ತಿದ್ದವರು ತಲೆಯೆತ್ತಿ ನೋಡಿದ್ದು ಆಗಲೇ. ಅಷ್ಟು ಹೊತ್ತು ಅವರು ನನ್ನ ಅಂಕಪಟ್ಟಿ ಓದುತ್ತಿದ್ದರು.

ಬಿಚ್ಚಿಟ್ಟ ಹಳೇ ಪಂಪನ್ನು ಆಮೇಲೆ ಕುಣಿಗಲ್‌ಗೆ ತೆಗೆದುಕೊಂಡು ಹೋಗಿದ್ದೆ. ಪೆಟ್ರೋಲ್ ಪೂರ್ತಿ ಆರಿದ ಮೇಲೆ ಮಾವ ಬಯಲಲ್ಲಿಟ್ಟು ಒಂದು ಕ್ಷಣ ಕರೆಂಟ್ ಕೊಟ್ಟರು. ಗುಂಯ್ ಅಂತ ತಿರುಗಿತು. ಅದಕ್ಕೇನೂ ಆಗಿರಲಿಲ್ಲ. ಮಾವ ಅದನ್ನು ಕಾಗದದಲ್ಲಿ ಸುತ್ತಿ ನನ್ನ ಬ್ಯಾಗಿಗೇ ಹಾಕಿದರು. ಈಗ ಅದು ಹಾಸ್ಟೆಲಿನಲ್ಲಿ ನನ್ನ ಓದುವ ಮೇಜಿನ ಮೇಲಿದೆ. ಯಾವುದಾದರೂ ವಿಷಯಕ್ಕೆ ಥಟ್ಟನೆ ಉತ್ತರ ಹೊಳೆದಾಗಲೆಲ್ಲ ಒಂದು ಸಲ ಅದರ ಕಡೆ ನೋಡುತ್ತೇನೆ.